ಮೊದಲು ಟೇಪ್ ಹಿಡಿಯಿರಿ, ಆಮೇಲೆ ಎಚ್‌ಪಿ ಕೇಳಿ

ಪ್ರಶ್ನೆ: ಚನ್ನಗಿರಿ ಹತ್ತಿರ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಒಂಬತ್ತು ಅಡಿ ಸಾಲು. ಅರ್ಧ ಹಳೇ ಮರ, ಅರ್ಧ ಐದು ವರ್ಷದ ಗಿಡ. ಡ್ರಿಪ್ ಇದೆ. ಕಳೆ ಹೊಡೆಯಲು, ಗೊಬ್ಬರ ಒಯ್ಯಲು, ಗೊನೆ ಸಾಗಿಸಲು ಮಿನಿ ಟ್ರ್ಯಾಕ್ಟರ್ ತಗೋಬೇಕು ಅಂತಿದ್ದೇನೆ. ಪಕ್ಕದ ತೋಟದವರು 15 ಎಚ್‌ಪಿ ಸಾಕು ಅನ್ನುತ್ತಾರೆ. ಶೋರೂಮಿನವರು 27ಕ್ಕೆ ಕಡಿಮೆ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಒಂದು ಟೇಪ್ ಹಿಡಿದು ತೋಟಕ್ಕೆ ಹೋಗಿ.

ಸಾಲು ಒಂಬತ್ತು ಅಡಿ ಅಂದರೆ ಒಂಬತ್ತು ಅಡಿ ಗಾಡಿ ಓಡಾಡಬಹುದು ಅಂತ ಅಲ್ಲ. ಅಡಿಕೆಯ ಬೇರು ಆಳಕ್ಕೆ ಇಳಿಯುವುದಕ್ಕಿಂತ ಬುಡದ ಸುತ್ತಲೇ ಜಾಸ್ತಿ ಹಬ್ಬುತ್ತದೆ. ಬಹುಪಾಲು ಬೇರು ಬುಡದಿಂದ ಎರಡೂವರೆ, ಮೂರು ಅಡಿಯೊಳಗೆ ಮೇಲ್ಮಣ್ಣಲ್ಲೇ ಇರುತ್ತದೆ. ಆ ಕಡೆ ಮೂರು, ಈ ಕಡೆ ಮೂರು ಬಿಟ್ಟರೆ ನಿಮಗೆ ಉಳಿಯುವುದು ನಡುವಿನ ಮೂರು ಅಡಿ, ಹೆಚ್ಚೆಂದರೆ ನಾಲ್ಕು. ಹಿಂದೆ ಕಟ್ಟಿ ಮಣ್ಣು, ಕಳೆ ಕೊಚ್ಚುವ ರೋಟಾವೇಟರ್ ಆಡಬೇಕಾದ್ದು ಅಷ್ಟರಲ್ಲೇ. ನಾಲ್ಕೂವರೆ ಅಡಿಯದ್ದು ತಂದು 'ಒಂದೇ ಸುತ್ತಿಗೆ ಮುಗೀತು' ಅಂತ ಖುಷಿಪಟ್ಟವರು ಎರಡು ವರ್ಷ ಬಿಟ್ಟು ಇಳುವರಿ ಯಾಕೆ ಇಳಿಯಿತು ಅಂತ ಕೇಳಿಕೊಂಡು ಬರುತ್ತಾರೆ.

ಇನ್ನೊಂದು ವಿಷಯ. ಮಾವು, ಬೇವಿನ ತೊಗಟೆ ಸುಲಿದರೆ ಹೊಸ ತೊಗಟೆ ಬಂದು ಗಾಯ ಮುಚ್ಚಿಕೊಳ್ಳುತ್ತದೆ. ಅಡಿಕೆ, ತೆಂಗಿಗೆ ಆ ಭಾಗ್ಯ ಇಲ್ಲ. ಕಾಂಡಕ್ಕೆ ಒಮ್ಮೆ ಪೆಟ್ಟು ಬಿದ್ದರೆ ಆ ಗುರುತು ಮರ ಇರುವವರೆಗೂ ಇರುತ್ತದೆ. ಅದಕ್ಕೇ ಗಾಡಿ ಅಗಲ ಮೂರರಿಂದ ನಾಲ್ಕು ಅಡಿಯೊಳಗೆ ಇರಲಿ. ಅಳೆಯುವಾಗ ಬಾನೆಟ್ ಅಳೆಯಬೇಡಿ. ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಕೆಲವು ಗಾಡಿಗಳಲ್ಲಿ ಚಕ್ರದ ಡಿಸ್ಕನ್ನು ತಿರುಗಿಸಿ ಹಾಕಿ ಅಗಲ ಹೆಚ್ಚು ಕಡಿಮೆ ಮಾಡಬಹುದು. ಹಾಗಾಗಿ ಶೋರೂಮಿನಲ್ಲಿ ನಿಂತಿರುವ ಅಗಲವೇ ಕೊನೆ ಅಂದುಕೊಳ್ಳಬೇಡಿ, ಕೇಳಿ.

ಈಗ ಎಚ್‌ಪಿ. ಮೂರು ಅಡಿ ರೋಟಾವೇಟರಿಗೆ 18ರಿಂದ 24 ಎಚ್‌ಪಿ ಧಾರಾಳ. ವಿಎಸ್‌ಟಿಯ 18.5, ಮಹೀಂದ್ರ ಜಿವೋ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ2441ರ 24, ಎಲ್ಲ ಈ ಗುಂಪಿನವೇ. ಜಿವೋಗೆ ಎರಡು ಸಿಲಿಂಡರ್, ಕುಬೋಟಾಗೆ ಮೂರು. ಮೂರು ಸಿಲಿಂಡರ್ ಇದ್ದರೆ ನಡುಕ ಕಡಿಮೆ, ದಿನವಿಡೀ ಕೂತರೆ ಸೊಂಟಕ್ಕೆ ಗೊತ್ತಾಗುತ್ತದೆ. 15 ಎಚ್‌ಪಿಯ ಒಂದು ಸಿಲಿಂಡರ್ ಗಾಡಿ ಒಣ ನೆಲದಲ್ಲಿ ಗೊಬ್ಬರ ಎಳೆಯಲು ಅಡ್ಡಿ ಇಲ್ಲ. ಆದರೆ ಅಂಥವು ಸಾಮಾನ್ಯವಾಗಿ ಎರಡು ಚಕ್ರದ ಎಳೆತದವು. ನೀರು ಬಿಟ್ಟ ತೋಟದಲ್ಲಿ ಹಿಂದಿನ ಚಕ್ರ ಸುಮ್ನೆ ಗಿರಕಿ ಹೊಡೆಯುತ್ತದೆ. ನಿಮಗೆ ನಾಲ್ಕೂ ಚಕ್ರ ಎಳೆಯುವುದೇ ಬೇಕು. ನನ್ನನ್ನು ಕೇಳಿದರೆ 27ರ ದುಡ್ಡು ಉಳಿಸಿ, 20ರ ಆಸುಪಾಸಿನ ಫೋರ್ ವ್ಹೀಲ್ ಡ್ರೈವ್ ತಗೊಳ್ಳಿ.

ತೂಕವೂ ಲೆಕ್ಕಕ್ಕೆ ಬರುತ್ತದೆ. 45 ಎಚ್‌ಪಿ ಟ್ರ್ಯಾಕ್ಟರ್ ಎರಡು ಟನ್ ಸುತ್ತಮುತ್ತ ತೂಗಿದರೆ ಇವು ಒಂದು ಟನ್ನಿನೊಳಗೇ ಇರುತ್ತವೆ. ಆದರೂ ಎರೆ ಮಣ್ಣು ಹಸಿ ಇದ್ದಾಗ ಇಳಿಸಬೇಡಿ. ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಪುಡಿ ಆದರೆ ಗಾಡಿ ಇಳಿಸಿ. ಮುದ್ದೆಯಂತೆ ಕೂತರೆ ಇನ್ನೆರಡು ದಿನ ಕಾಯಿರಿ.

ಜನ ಎಡವುವುದು ತಿರುಗಿಸುವ ಜಾಗದಲ್ಲಿ. ನಮ್ಮ ಕಡೆ ಬೇಲಿಗೆ ತಾಗುವ ಹಾಗೆ ಗಿಡ ಇಡುತ್ತಾರೆ, ಒಂದು ಮರವೂ ಬಿಡಬಾರದು ಅಂತ. ಸಣ್ಣ ಟ್ರ್ಯಾಕ್ಟರಿಗೂ ಒಂದೇ ಏಟಿಗೆ ತಿರುಗಲು 15–16 ಅಡಿ ಬೇಕಾಗುತ್ತದೆ. ಒಂಬತ್ತು ಅಡಿ ಸಾಲಿಂದ ಪಕ್ಕದ ಸಾಲಿಗೇ ಹೊರಳಿಸಲು ಹೋದರೆ ಮುಂದೆ ಹಿಂದೆ ಮಾಡುತ್ತಾ ಒಂದು ಮರಕ್ಕೆ ಗುದ್ದುವುದು ಗ್ಯಾರಂಟಿ. ಒಂದು ಸಾಲು ಬಿಟ್ಟು ಅದರಾಚೆ ಸಾಲಿಗೆ ಹೋಗಿ. 18 ಅಡಿ ಸಿಗುತ್ತದೆ, ಗಾಡಿ ಸಲೀಸಾಗಿ ಹೊರಳುತ್ತದೆ. ಬಿಟ್ಟ ಸಾಲುಗಳನ್ನು ವಾಪಸ್ ಬರುವಾಗ ಮುಗಿಸಿ. ಎಡ ಬಲ ಬ್ರೇಕ್ ಬೇರೆ ಬೇರೆ ಇರುತ್ತದೆ. ತಿರುಗುವಾಗ ಒಳಗಿನ ಚಕ್ರದ್ದು ಮಾತ್ರ ತುಳಿದರೆ ಇನ್ನೂ ಸುಲಭ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಲಾಕ್ ಹಾಕುವುದನ್ನು ಮರೆಯಬೇಡಿ.

ಡೆಮೊ ಕೊಡಿ ಅಂತ ಹಠ ಹಿಡಿಯಿರಿ, ಅದೂ ನಿಮ್ಮ ತೋಟದಲ್ಲೇ, ಐದು ವರ್ಷದ ಗಿಡಗಳ ಸಾಲಲ್ಲೇ. ಅಲ್ಲಿ ಸೋಗೆ ತಲೆ ಮಟ್ಟಕ್ಕೇ ಇರುತ್ತದೆ. ಸೈಲೆನ್ಸರ್ ಮೇಲಕ್ಕೆ ನಿಂತಿದ್ದರೆ ಹಸಿ ಸೋಗೆ ಸುಡುತ್ತದೆ, ಕೆಳಗೆ ಪಕ್ಕಕ್ಕೆ ಬಾಗಿರುವುದು ವಾಸಿ. ಡ್ರಿಪ್ ಪೈಪನ್ನು ಮೊದಲೇ ಬುಡದ ಕಡೆ ಸರಿಸಿಡಿ. ನನ್ನ ತಮ್ಮನ ತೋಟದಲ್ಲಿ ಡೆಮೊಗೆ ಬಂದ ಹುಡುಗ ಅವಸರದಲ್ಲಿ ಒಂದು ಸಾಲು ಹೊಡೆದ ನೋಡಿ, ಪೈಪು ರೋಟಾವೇಟರಿಗೆ ಶ್ಯಾವಿಗೆ ಸುತ್ತಿದ ಹಾಗೆ ಸುತ್ತಿಕೊಂಡಿತು. ಕುಡುಗೋಲಲ್ಲಿ ಕೊಯ್ದು ಬಿಡಿಸುವಷ್ಟರಲ್ಲಿ ಟೀ ಎರಡು ಸಲ ಆಯಿತು. ಪೈಪಿನ ದುಡ್ಡು ಯಾರೂ ಕೊಡಲಿಲ್ಲ!

ಸಹಾಯಧನ ಬೇಕಿದ್ದರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಗಾಡಿ ಬುಕ್ ಮಾಡುವ ಮುಂಚೆಯೇ ಹೋಗಿ, ಆಮೇಲಲ್ಲ. 2025ರ ಸೆಪ್ಟೆಂಬರಿನಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್ನಿನಲ್ಲಿ ಅದು ಕಾಣಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ದಾವಣಗೆರೆ ವಿದ್ಯಾನಗರದಲ್ಲಿದ್ದೇನೆ. ಮಗ ಕೆನಡಾದ ಕ್ಯಾಲ್ಗರಿ ಪಕ್ಕ ಮನೆ ತಗೊಂಡಿದ್ದಾನೆ. ಗೇಟಿನಿಂದ ಮನೆವರೆಗೆ ಇಕ್ಕಟ್ಟಾದ ಉದ್ದ ದಾರಿ, ಕೊನೆಗೆ ಸಣ್ಣ ಅಂಗಳ. ಚಳಿಗಾಲದಲ್ಲಿ ಹಿಮ ಎತ್ತಿ ಎತ್ತಿ ಬೆನ್ನು ನೋವು ಅನ್ನುತ್ತಾನೆ. ಹಳೇ ಸುಜುಕಿ ಜಿಮ್ನಿ ತಗೊಂಡು ಮುಂದೆ ಹಿಮ ತಳ್ಳುವ ಬ್ಲೇಡ್ ಕಟ್ಟಿಸುತ್ತೇನೆ ಅಂತಿದ್ದಾನೆ. ಇದು ಹುಡುಗಾಟವೋ, ನಿಜಕ್ಕೂ ಆಗುವ ಕೆಲಸವೋ?

ಉತ್ತರ: ಮೇಷ್ಟ್ರೇ, ಹುಡುಗಾಟ ಅಲ್ಲ. ಜಿಮ್ನಿ ನಮ್ಮ ಮಾರುತಿ ಜಿಪ್ಸಿಯ ಸೋದರಸಂಬಂಧಿ. ಅಡಿಯಲ್ಲಿ ಏಣಿಯಂಥ ಗಟ್ಟಿ ಚಾಸಿ, ಲೋ ಗೇರ್ ಇರುವ ಫೋರ್ ವ್ಹೀಲ್. ಜಪಾನಿನ ಚಿಕ್ಕ ಕಾರುಗಳ ನಿಯಮದ ಪ್ರಕಾರ ಅಗಲ 1.48 ಮೀಟರ್ ದಾಟುವಂತಿಲ್ಲ. ಅಂದರೆ ಐದು ಅಡಿಗಿಂತ ಕಡಿಮೆ. 15 ವರ್ಷ ದಾಟಿದ ಜಪಾನಿ ಗಾಡಿ ತರಿಸಿಕೊಳ್ಳಲು ಕೆನಡಾದಲ್ಲಿ ಅವಕಾಶ ಇದೆ.

ಬೆನ್ನು ನೋವು ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ. ಹೊಸದಾಗಿ ಬಿದ್ದ ಹಿಮ ಘನ ಮೀಟರಿಗೆ ಸುಮಾರು 100 ಕಿಲೋ ಅಂತ ಇಟ್ಟುಕೊಳ್ಳಿ. 90 ಚದರ ಮೀಟರ್ ಜಾಗದಲ್ಲಿ ಹತ್ತು ಸೆಂಟಿಮೀಟರ್ ಬಿದ್ದರೆ 900 ಕಿಲೋ. ನಮ್ಮ ಕಡೆ ಲೆಕ್ಕದಲ್ಲಿ 18 ಸಿಮೆಂಟ್ ಚೀಲ, ಒಂದು ಬೆಳಗ್ಗೆಗೆ. ಒದ್ದೆ ಹಿಮ ಆದರೆ ಇದರ ಎರಡು ಮೂರು ಪಟ್ಟು.

ಬ್ಲೇಡಿನ ಅಗಲದಲ್ಲಿ ಮಗ ಮೋಸ ಹೋಗಬಾರದು. ಹಿಮವನ್ನು ಪಕ್ಕಕ್ಕೆ ಸರಿಸಲು ಬ್ಲೇಡನ್ನು ಓರೆ ಮಾಡುತ್ತಾರೆ. ಐದು ಅಡಿ ಬ್ಲೇಡ್ 30 ಡಿಗ್ರಿ ಓರೆಯಾದರೆ ಸರಿಸುವುದು ನಾಲ್ಕು ಅಡಿ ನಾಲ್ಕು ಅಂಗುಲ ಮಾತ್ರ. ಗಾಡಿಯ ಚಕ್ರ ಆಗ ತಳ್ಳದ ಹಿಮದ ಮೇಲೇ ಹತ್ತುತ್ತದೆ. ಆರು ಅಡಿಯದ್ದು ಹಾಕಿದರೆ ಓರೆಯಲ್ಲೂ ಐದು ಅಡಿ ಎರಡು ಅಂಗುಲ ಸಿಗುತ್ತದೆ. ಬ್ಲೇಡಿಗೆ ಸ್ಪ್ರಿಂಗ್ ಇರಲೇಬೇಕು. ಹಿಮದಡಿ ಕಲ್ಲೋ ಕಟ್ಟೆಯೋ ತಗುಲಿದಾಗ ಅದು ಮುಂದಕ್ಕೆ ಮಡಚಿ ಪೆಟ್ಟು ತಪ್ಪಿಸುತ್ತದೆ. ಕುಂಟೆಗೆ ಬೇರು ಸಿಕ್ಕಾಗ ಎತ್ತು ನಿಲ್ಲುತ್ತದೆ ಅಲ್ವಾ, ಇಲ್ಲಿ ಆ ಕೆಲಸ ಸ್ಪ್ರಿಂಗಿನದು.

ಮೂತಿಗೆ ಭಾರ ಕಟ್ಟಿದರೆ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಹಿಂದೆ ಮರಳು ಚೀಲ ಹಾಕಬೇಕು. ಬ್ಲೇಡ್ ಎತ್ತಿಕೊಂಡು ದೂರ ಓಡಿಸಿದರೆ ರೇಡಿಯೇಟರಿಗೆ ಗಾಳಿ ಸಿಗದೆ ಇಂಜಿನ್ ಬಿಸಿಯಾಗುತ್ತದೆ, ಹೊರಗೆ ಎಷ್ಟೇ ಚಳಿ ಇರಲಿ. ಹಿಮ ಪೂರ್ತಿ ಸರಿಸಿದ ಒಣ ಕಾಂಕ್ರೀಟಿನ ಮೇಲೆ ಗಾಡಿ ಗಟ್ಟಿಯಾಗಿ ಹೊರಳಿಸುವಾಗ ಫೋರ್ ವ್ಹೀಲ್ ತೆಗೆದು ಓಡಿಸಲಿ, ಇಲ್ಲದಿದ್ದರೆ ಗೇರು, ಟೈರು ಎರಡೂ ತಿಂದುಹೋಗುತ್ತವೆ. ಚನ್ನಗಿರಿಯವರಿಗೂ ಈ ಮಾತು ಸೇರಿಸಿಕೊಳ್ಳಿ, ಅಡಿಕೆ ಕಣದಲ್ಲೂ ಹೀಗೇ.

ಇಷ್ಟೆಲ್ಲ ಹೇಳಿದರೂ ಮಗನಿಗೆ ಒಂದು ಪ್ರಶ್ನೆ ಕೇಳಿ: ತಳ್ಳಿದ ಹಿಮವನ್ನು ಎಲ್ಲಿ ಹಾಕುತ್ತೀಯಪ್ಪಾ? ಮೊದಲ ಸಲದ ರಾಶಿ ಹೆಪ್ಪುಗಟ್ಟಿ ಗೋಡೆಯಾಗುತ್ತದೆ, ಮತ್ತೆ ಹಿಂದಕ್ಕೆ ತಳ್ಳಲು ಬರುವುದಿಲ್ಲ. ಹಾಗಾಗಿ ನವೆಂಬರಿನ ಮೊದಲ ಹಿಮವನ್ನೇ ಆದಷ್ಟು ದೂರಕ್ಕೆ ಒಯ್ಯಬೇಕು, ಇಲ್ಲದಿದ್ದರೆ ಫೆಬ್ರವರಿ ಹೊತ್ತಿಗೆ ದಾರಿ ಅರ್ಧ ಆಗಿರುತ್ತದೆ. ರಸ್ತೆಗೆ ತಳ್ಳುವುದಕ್ಕೆ ಅಲ್ಲಿ ಬಹಳ ಊರುಗಳಲ್ಲಿ ದಂಡ ಇದೆ. ದಾರಿಯ ಎರಡೂ ಕಡೆ ಬೇಲಿ, ಕೊನೆಗೆ ಗೋಡೆ ಅಂತಾದರೆ ಜಿಮ್ನಿ ಬೇಡವೇ ಬೇಡ. ಕೈಯಲ್ಲಿ ಹಿಡಿದು ನಡೆಸುವ, ಹಿಮವನ್ನು ನುಂಗಿ ಬೇಲಿಯಾಚೆ ಚಿಮ್ಮಿಸುವ ಸ್ನೋ ಬ್ಲೋವರ್ ತಗೊಳ್ಳಲಿ. ಬೇಲಿಯಾಚೆ ತನ್ನದೇ ಜಾಗ ಇದ್ದರೆ ಮಾತ್ರ, ಪಕ್ಕದ ಮನೆಯವರ ಅಂಗಳಕ್ಕಲ್ಲ.

ಪ್ರಶ್ನೆ: ಹೊಳಲ್ಕೆರೆ ಕಡೆಯವನು. ಹಳೇ ಪವರ್ ಟಿಲ್ಲರ್ ಚೆನ್ನಾಗೇ ಇದೆ. ಅದನ್ನು ಮಾರಿ ಮಿನಿ ಟ್ರ್ಯಾಕ್ಟರ್ ತರಲೇ?

ಉತ್ತರ: ಎಷ್ಟು ಎಕರೆ ಅಂತ ಬರೆದಿಲ್ಲ. ಎರಡು ಎಕರೆ ಒಳಗಾದರೆ ಮಾರಬೇಡಿ. ಟ್ರ್ಯಾಕ್ಟರ್ ನುಗ್ಗದ ಮೂಲೆಗೂ ಟಿಲ್ಲರ್ ನುಗ್ಗುತ್ತದೆ. ಜಾಸ್ತಿ ಇದ್ದು, ಹಿಡಿದು ನಡೆಯಲು ಆಳು ಸಿಗುತ್ತಿಲ್ಲ ಅಂದರೆ ಟ್ರ್ಯಾಕ್ಟರ್ ತನ್ನಿ. ಆದರೂ ಟಿಲ್ಲರ್ ಒಂದು ವರ್ಷ ಕೊಟ್ಟಿಗೆಯಲ್ಲೇ ಇರಲಿ. ಎಷ್ಟು ಸಲ ಹೊರಗೆ ತೆಗೆದಿರಿ ಅಂತ ನೋಡಿಕೊಂಡು ಆಮೇಲೆ ಮಾರಿ.