ದುಡ್ಡು ಕಟ್ ಆಯ್ತು, ವಿಮಾನದ ಬುಕಿಂಗ್ ರದ್ದಾಯ್ತು. ಈಗೇನು ಮಾಡಲಿ?

ಕಾಸರಗೋಡಿನಿಂದ ಕೇಳಿದ್ದೀರಿ: ಮಂಗಳೂರು–ದುಬೈ ಟಿಕೆಟ್‌ಗೆ ಯುಪಿಐಯಲ್ಲಿ ದುಡ್ಡು ಹೋಗಿದೆ, ಆದರೆ ‘ಪಾವತಿ ಆಗಿಲ್ಲ, ಬುಕಿಂಗ್ ರದ್ದು’ ಎಂದು ಮೆಸೇಜ್ ಬಂದಿದೆ.

ಗಾಬರಿಯಲ್ಲಿ ಇನ್ನೊಂದು ಟಿಕೆಟ್ ಮಾಡಬೇಡಿ. ಮೊದಲು ಪಿಎನ್‌ಆರ್ (ಬುಕಿಂಗ್ ನಂಬರ್) ಬಂದಿದ್ದರೆ ಅದನ್ನು ಟ್ರಾವೆಲ್ ಏಜೆನ್ಸಿಯ ಆ್ಯಪ್‌ನಲ್ಲಲ್ಲ, ವಿಮಾನ ಕಂಪನಿಯ ಸೈಟಿನಲ್ಲೇ ಹಾಕಿ ನೋಡಿ. ಕೆಲವೊಮ್ಮೆ ಟಿಕೆಟ್ ಆಗಿಯೇ ಇರುತ್ತದೆ! ಪಿಎನ್‌ಆರ್ ಇದ್ದರೆ ಸಾಲದು, ಬುಕಿಂಗ್ ಖಾತ್ರಿಯಾಗಿದೆ (ಕನ್ಫರ್ಮ್ಡ್) ಎಂದೂ ತೋರಿಸಬೇಕು.

ಟಿಕೆಟ್ ಇಲ್ಲವೇ? ದುಡ್ಡು ಎಲ್ಲಿ ನಿಂತಿದೆ ಎಂಬುದೇ ಮುಖ್ಯ. ಟಿಕೆಟ್ ಮಾರಿದ ಕಂಪನಿಗೆ ಪಾವತಿಯ ಖಾತ್ರಿ ತಲುಪದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಮ್ಮ ಬ್ಯಾಂಕಿಗೆ ಯುಟಿಆರ್ ನಂಬರ್ (ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯ ವಿವರದಲ್ಲಿ ಕಾಣುವ ವಹಿವಾಟಿನ ನಂಬರ್) ಕೊಟ್ಟು ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ (ರಿಸರ್ವ್ ಬ್ಯಾಂಕ್) ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಆನ್‌ಲೈನಲ್ಲೇ ದೂರು ಕೊಡಬಹುದು, ಖರ್ಚಿಲ್ಲ.

ದುಡ್ಡು ಕಂಪನಿಗೆ ಸೇರಿದ್ದರೆ ರೀಫಂಡ್ ಕೇಳಬೇಕಾದ್ದು ಅವರನ್ನೇ. ಅಲ್ಲಿ ಸತಾಯಿಸಿದರೆ ದೂರು ಕೊಡಲು ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಇದೆ.

ನಮ್ಮ ಕಡೆ ಗಲ್ಫಿನಲ್ಲಿರುವ ಅಣ್ಣನೋ ಭಾವನೋ ಅಲ್ಲಿನ ಕಾರ್ಡಿನಲ್ಲಿ ದುಡ್ಡು ಕಟ್ಟುವುದು ಜಾಸ್ತಿ ಅಲ್ವಾ? ಆ 5 ದಿನದ ನಿಯಮ ದೇಶದೊಳಗಿನ ವಹಿವಾಟಿಗೆ ಮಾತ್ರ. ಕಾರ್ಡ್ ಕೊಟ್ಟ ಅಲ್ಲಿನ ಬ್ಯಾಂಕಿಗೆ ಅವರೇ ದೂರು ಕೊಡಬೇಕು.

ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರಿಗೆ ಸುಮ್ನೆ ಫೋನ್ ಮಾಡಬೇಡಿ. ರೀಫಂಡ್‌ಗೆ ಒಟಿಪಿ, ಯುಪಿಐ ಪಿನ್ ಕೇಳುವವರು ಕಳ್ಳರೇ.