ರಾಗಿ ಸರಿ ನೀರಾಯಿತೆಂದು ಹಿಟ್ಟನ್ನು ಬೈಯಬೇಡಿ

ಪ್ರಶ್ನೆ: ಮನೆಯಲ್ಲೇ ಮೊಳಕೆ ಕಟ್ಟಿ ಮಾಡಿಸಿದ ರಾಗಿ ಹಿಟ್ಟಿನಲ್ಲಿ ಮಗುವಿಗೆ ಸರಿ ಕಾಯಿಸಿದರೆ ಗಟ್ಟಿಯಾಗುವುದೇ ಇಲ್ಲ. ಹಿಟ್ಟು ಕೆಟ್ಟಿದೆಯೇ? ಇನ್ನಷ್ಟು ಹಾಕಲೇ?

ಉತ್ತರ: ಮತ್ತೆ ಅದೇ ಪ್ರಶ್ನೆ! ಹಿಟ್ಟು ಕೆಟ್ಟಿಲ್ಲ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ (ಎಂಜೈಮ್) ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸಿದೆ. ನೀರನ್ನು ಹಿಡಿದಿಟ್ಟು ಸರಿಯನ್ನು ಗಟ್ಟಿ ಮಾಡುವುದೇ ಆ ಸರಪಳಿ. ಸತ್ವ ಅಷ್ಟೇ ಇದೆ. ನೀರು ಬೆರೆಸಿ ತೆಳು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಅಲ್ಲೇ. ಹಿಟ್ಟು ಹೆಚ್ಚಿಸಿದರೆ ಕಿಣ್ವವೂ ಹೆಚ್ಚುತ್ತದೆ.

ಪೂರ್ತಿ ಮೊಳಕೆ ಹಿಟ್ಟೇ ಬೇಕಿಲ್ಲ. ಮಾಮೂಲಿ ರಾಗಿ ಹಿಟ್ಟು 30 ಗ್ರಾಂ, ನೀರು 200 ಮಿ.ಲೀ., ಗಂಟಿಲ್ಲದಂತೆ ಕದಡಿ ಚೆನ್ನಾಗಿ ಬೇಯಿಸಿ. ಹಸಿ ಪಿಷ್ಟದ ಕಣ ಬಿಗಿಯಾಗಿರುತ್ತದೆ, ಬೆಂದು ಉಬ್ಬಿದ ಮೇಲೇ ಕಿಣ್ವಕ್ಕೆ ಸುಲಭವಾಗಿ ಸಿಗುವುದು. ಒಲೆಯಿಂದ ಇಳಿಸಿ 65 ಡಿಗ್ರಿಗೆ ಆರಿಸಿ. ಬೆರಳಿಟ್ಟು ನೋಡಬೇಡಿ, ಸುಡುತ್ತದೆ. ಅಡುಗೆ ಥರ್ಮಾಮೀಟರ್ ಬಳಸಿ. ಈಗ ಅರ್ಧ ಟೀ ಚಮಚ ಮೊಳಕೆ ಹಿಟ್ಟು ಕಲಸಿ ಹತ್ತು ನಿಮಿಷ ಮುಚ್ಚಿಡಿ. ಸೌಟಿಗೆ ಅಂಟಿಕೊಂಡಿದ್ದ ಸರಿ ಧಾರೆಯಾಗಿ ಇಳಿಯುತ್ತದೆ. ಅಷ್ಟು ಸಾಕೇ ಎಂದರೆ, ಸಾಕು: ಕಿಣ್ವ ಖರ್ಚಾಗುವ ವಸ್ತುವಲ್ಲ. ಒಂದು ಕೊಂಡಿ ಕತ್ತರಿಸಿ ಅದೇ ಅಣು ಮುಂದಿನದಕ್ಕೆ ಹೋಗುತ್ತದೆ. ಕೊನೆಗೆ ಮತ್ತೊಮ್ಮೆ ಕುದಿಸಲೇಬೇಕು. ಒದ್ದೆ ಬಟ್ಟೆಯಲ್ಲಿ ಮೊಳಕೆಯ ಜೊತೆ ರೋಗಾಣುಗಳೂ ಬೆಳೆದಿರುತ್ತವೆ.

ಕೆಡುವುದು ಎರಡು ಕಡೆ. ಕುದಿಯುವ ಸರಿಗೇ ಹಿಟ್ಟು ಹಾಕುವುದು. ಮೊಳಕೆ ರಾಗಿಯನ್ನು ಘಮ ಬರುವವರೆಗೆ ಹುರಿಯುವುದು. ಕಿಣ್ವವೂ ಪ್ರೋಟೀನೇ. ಬಿಸಿಗೆ ಅದರ ಮಡಿಕೆ ಬಿಚ್ಚಿಕೊಂಡರೆ ಆರಿದ ಮೇಲೂ ಮೊದಲಿನಂತಾಗದು. ಹನ್ನೆರಡು ಗಂಟೆ ನೆನೆಸಿ, ಎರಡು ದಿನ ಬಟ್ಟೆಯಲ್ಲಿ ಕಟ್ಟಿ, ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿ, ಹುರಿಯದೆ ಬೀಸಿಸಿ. ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ, ಆರಿಸಿಕೊಳ್ಳುತ್ತ ಕೂರಬೇಡಿ.

ಪ್ರಶ್ನೆ: ಮೊಳಕೆ ಹಿಟ್ಟನ್ನು ಹಸಿಯಾಗಿ ಕೊಟ್ಟರೆ 'ಜೀವಂತ ಎಂಜೈಮ್' ಸಿಗುತ್ತದಂತೆ?

ಉತ್ತರ: ವಾಟ್ಸ್ಆ್ಯಪ್ ವೈದ್ಯ. ಜಠರದ ಆಮ್ಲಕ್ಕೆ ಅದೂ ಒಂದು ತುತ್ತು ಪ್ರೋಟೀನು, ಅಷ್ಟೇ. ಮಗುವಿಗೆ ಸಿಗುವುದು ಭೇದಿ.

ಪ್ರಶ್ನೆ: ಜೋಳದ ಮೊಳಕೆಯಲ್ಲಿ ಮಾಡಬಹುದೇ?

ಉತ್ತರ: ಮನೆಯಲ್ಲಿ ಬೇಡ. ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಪ್ರಶ್ನೆ: ಅನಾನಸ್ ಮಿಲ್ಕ್‌ಶೇಕ್ ಕಹಿಯಾಗುವುದೇಕೆ?

ಉತ್ತರ: ಹಣ್ಣಿನಲ್ಲಿರುವ ಬ್ರೋಮೆಲೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಹಣ್ಣನ್ನು ಕುದಿಸಿ, ಆರಿಸಿ ಹಾಕಿ.

ಪ್ರಶ್ನೆ: ಕಿತ್ತಳೆ ಸಿಪ್ಪೆ, ಬೆಲ್ಲ ಹಾಕಿ ಮೂರು ತಿಂಗಳು ಇಟ್ಟ 'ಬಯೋ ಎಂಜೈಮ್' ಕುಡಿಯಬಹುದೇ?

ಉತ್ತರ: ನೆಲ ಒರೆಸಿ.