ಮೂರೆಕರೆ ನೀರಾವರಿ ಇದ್ದವರಿಗೆ ಮೊದಲ ಮನಿಗೆ ಸರ್ಕಾರದ ದುಡ್ಡು ಎಷ್ಟು, ಎಲ್ಲಿ?

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕಾರಟಗಿ ಹತ್ರ ತುಂಗಭದ್ರಾ ಎಡದಂಡೆ ಕಾಲುವಿ ಕೆಳಗ ಮೂರೆಕರೆ ನಿನ್ನ ಹೆಸರಲ್ಲೇ ಐತಿ, ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್, ಬೆಳೆ ಸಾಲದ್ದು) ಒಂದೂವರೆ ಲಕ್ಷದ್ದು, ಹೆಂಡ್ತಿ ಮಕ್ಕಳ ಜೋಡಿ ಅಪ್ಪನ ಆರ್‌ಸಿಸಿ ಮನ್ಯಾಗ ಇದ್ದೀ. ಊರಾಗ ಕಟ್ಟಿಸೋದಾ, ಗಂಗಾವತ್ಯಾಗ 22 ಲಕ್ಷದ ರೆಡಿ ಮನಿ ತಗೊಳ್ಳೋದಾ, ಯಾವುದಕ್ಕ ಸರ್ಕಾರದ ದುಡ್ಡು ಬರ್ತೈತಿ ಅನ್ನೋದು ನಿನ್ನ ಲೆಕ್ಕ. ಈ ಗುಂಪಿನ್ಯಾಗ ಮ್ಯಾಲೆ ಒಬ್ರು 2.67 ಲಕ್ಷ ಬರ್ತೈತಿ ಅಂದಾರ, ಇನ್ನೊಬ್ರು ಪಂಚಾಯ್ತಿ ಮೆಂಬರ್‌ಗೆ ಹೇಳಿದ್ರ ಮುಗೀತು ಅಂದಾರ. ಎರಡನ್ನೂ ನಂಬಿ ಹೆಜ್ಜಿ ಇಡಬ್ಯಾಡ.

2.67 ಲಕ್ಷ ಅನ್ನೋದು ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಹಳೇ ಬಡ್ಡಿ ಸಬ್ಸಿಡಿ. ಆರು ಲಕ್ಷದವರೆಗಿನ ಸಾಲಕ್ಕ ಶೇ. 6.5 ಬಡ್ಡಿ ರಿಯಾಯಿತಿ ಇತ್ತು. 2022ರ ಮಾರ್ಚ್‌ಗೆ ಅದು ಬಂದ್ ಆಗೈತಿ. ವಾಟ್ಸ್ಆ್ಯಪ್ ಫಾರ್ವರ್ಡ್‌ನ್ಯಾಗ ಮಾತ್ರ ಇನ್ನೂ ಓಡಾಡಕತ್ತೈತಿ.

ಮೊದ್ಲು ಊರಿನ ಮಾತು. ಗ್ರಾಮೀಣ ಆವಾಸ್ ಯೋಜನ್ಯಾಗ ನಮ್ಮಂಥ ಬಯಲುಸೀಮಿಗೆ 1.20 ಲಕ್ಷ ಕೊಡ್ತಾರ. ಅದರ ಜೋಡಿ ಪಾಯಖಾನಿಗೆ 12,000, ಉದ್ಯೋಗ ಖಾತ್ರ್ಯಾಗ ಸುಮಾರು 90 ದಿನದ ಕೂಲಿ ಕೂಡಿಸೋ ಅವಕಾಶ. ಆದ್ರ ರೈತರಿಗೆ ಅಡ್ಡ ಬರೋದು ಅದರ ಕೈಬಿಡೋ ಪಟ್ಟಿ. 2024ರಾಗ ಅದನ್ನ ಸಡಿಲ ಮಾಡಿದ್ರು, ಬೈಕು ಫ್ರಿಜ್ಜು ಇದ್ದವರನ್ನ ಈಗ ಬಿಡಂಗಿಲ್ಲ. ಜಮೀನಿನ ಕಲಮು ಮಾತ್ರ ಉಳದೈತಿ: ನೀರಾವರಿ ಎರಡೂವರೆ ಎಕರೆ ಇಲ್ಲಾ ಅದಕ್ಕಿಂತ ಹೆಚ್ಚು ಇದ್ರ ಇಲ್ಲ, ಒಣಬೇಸಾಯ ಐದೆಕರೆ ಇದ್ರ ಇಲ್ಲ, ಟ್ರ್ಯಾಕ್ಟರ್ ಇದ್ರ ಇಲ್ಲ, ಕೆಸಿಸಿ ಮಿತಿ 50,000 ಮುಟ್ಟಿದ್ರೂ ಇಲ್ಲ. ಕೆಸಿಸ್ಯಾಗ ನೀನು ಎಷ್ಟು ಎತ್ತಿದ್ದೀ ಅಂತ ಕೇಳಂಗಿಲ್ಲ, ಮಿತಿ ಎಷ್ಟು ಅಂತ ನೋಡ್ತಾರ. ಭತ್ತಕ್ಕ ಮೂರೆಕರೆ ತೋರಿಸಿ ಕೆಸಿಸಿ ಮಾಡಿಸಿದವ 50,000 ಒಳಗ ಎಲ್ಲಿ ಇರ್ತಾನ? ಸಾಲದ್ದಕ್ಕ ಈಗ ಇರೋದೂ ಪಕ್ಕಾ ಮನಿ. ನಿಂದು ಮೂರೂ ಕಡಿ ಸಿಕ್ಕಿ ಬೀಳ್ತೈತಿ.

ಇದರಾಗ ಟೇಲ್ ಎಂಡ್‌ನವರ ಪಾಡು ಬ್ಯಾರೆ. ಸಿರವಾರ, ಮಾನ್ವಿ ಕಡೆ ಕಾಲುವಿ ಕೊನೆಗೆ ನೀರು ಮುಟ್ಟದೇ ಹೊಲ ಒಣಗಿದ್ರೂ ಪಹಣ್ಯಾಗ ನೀರಾವರಿ ಅಂತಲೇ ಇರ್ತೈತಿ. ಮನಿ ಕೊಡೋವಾಗ ಕಾಗದ ನೋಡ್ತಾರ, ಹೊಲ ನೋಡಂಗಿಲ್ಲ. ನನಗ ಇದು ಸರಿ ಅನಸಂಗಿಲ್ಲ. ಹಂಗಂತ ಮನಿ ಸಲುವಾಗಿ ಅವಸರದಾಗ ಹೆಸರಿಗೆ ಮಾತ್ರ ಪಾಲು ಮಾಡಿಸೋ ಹುಚ್ಚಿಗೆ ಬೀಳಬ್ಯಾಡ್ರಿ, ಮುಂದ ಬೆಳೆ ವಿಮೆ, ಸಾಲ ಎಲ್ಲಾದರಾಗೂ ತೊಡಕು.

ರಾಜ್ಯದ್ದು ಬಸವ ವಸತಿ ಐತಿ, ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್, ವಿಧವೆಯರು, ಅಂಗವಿಕಲರು, ಅಲೆಮಾರಿಗಳಿಗೆ ದೇವರಾಜ ಅರಸು ಯೋಜನೆ. ಇವೆಲ್ಲ ರಾಜೀವ್ ಗಾಂಧಿ ವಸತಿ ನಿಗಮದ ಮುಖಾಂತರ. ಹಳ್ಯಾಗ ಆಯ್ಕೆ ಆಗೋದು ಗ್ರಾಮಸಭ್ಯಾಗ. ಮೆಂಬರ್ ಹೆಸರು ಹೇಳಬಹುದು, ಪಟ್ಟಿ ಓದೋ ದಿನ ಊರ ಮುಂದ ನಿಲ್ಲಬೇಕಾದವ ನೀನು. ಗುಡಿಸಲಾಗ ಇರೋವ್ರ ಮುಂದ ಮೂರೆಕರೆ ಭತ್ತದವನ ಹೆಸರು ಬಂದ್ರ ಊರವರೇ ಎದ್ದು ಕೇಳ್ತಾರ, ಕೇಳಬೇಕು ಕೂಡ.

ಗುಂಪಿನ್ಯಾಗ ಇದಕ್ಕ ಅರ್ಹರಿದ್ದವ್ರು ಒಂದು ಗಮನಿಸ್ರಿ. ಆದೇಶ ಬರೋಕಿಂತ ಮೊದ್ಲು ಪಾಯ ತೋಡಬ್ಯಾಡ್ರಿ. ಮೊದ್ಲು ಖಾಲಿ ಜಾಗದಾಗ ಫಲಾನುಭವಿಯನ್ನ ನಿಲ್ಲಿಸಿ ಜಿಪಿಎಸ್ ಫೋಟೋ ತಗೀತಾರ, ಆಮ್ಯಾಲೆ ತಳಪಾಯ, ಲಿಂಟಲ್, ಛಾವಣಿ ಅಂತ ಒಂದೊಂದು ಹಂತದ ಫೋಟೋಕ್ಕ ಒಂದೊಂದು ಕಂತು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗೈತೋ ದುಡ್ಡು ಅಲ್ಲಿಗೇ ಬೀಳ್ತೈತಿ, ನೀವು ಕೊಟ್ಟ ಪಾಸ್‌ಬುಕ್ಕಿಗಲ್ಲ. ಸಾಲ ಸುಸ್ತಿ ಇರೋ ಬ್ಯಾಂಕಿಗೇ ಜೋಡಣೆ ಇದ್ರ ಕಂತು ಬಿದ್ದ ದಿನ ತಕರಾರು ಶುರು. ಮೊದ್ಲೇ ಬ್ಯಾರೆ ಬ್ಯಾಂಕಿನ್ಯಾಗ ಖಾತೆ ತೆಗೆದು ಜೋಡಣೆ ಬದಲಿಸಿಕೊಳ್ರಿ.

ಈಗ ಗಂಗಾವತಿ. ನಿನಗ ದಾರಿ ಇದ್ರ ಇಲ್ಲೇ. ನಗರ ಆವಾಸ್ 2.0 ಅಂತ 2024ರ ಸೆಪ್ಟೆಂಬರ್ 1ರಿಂದ ಶುರು ಆಗೈತಿ, ಅದರಾಗ ಬಡ್ಡಿ ಸಬ್ಸಿಡಿ ಮತ್ತ ಐತಿ. ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗ, ಮನಿ ಬೆಲೆ 35 ಲಕ್ಷದ ಒಳಗ, ಸಾಲ 25 ಲಕ್ಷದ ಒಳಗ ಇರಬೇಕು. ಮೊದಲ 8 ಲಕ್ಷಕ್ಕ ಮಾತ್ರ ಶೇ. 4 ಲೆಕ್ಕ, ಒಟ್ಟು ಗರಿಷ್ಠ 1.80 ಲಕ್ಷ, ಅದೂ ಐದು ವಾರ್ಷಿಕ ಕಂತಿನ್ಯಾಗ ಸಾಲದ ಖಾತೆಗೇ ಜಮಾ. ನಿನಗ ಮುಖ್ಯವಾದ್ದು ಇಲ್ಲಿ ಕುಟುಂಬ ಅಂದ್ರ ಗಂಡ, ಹೆಂಡ್ತಿ, ಮದುವಿ ಆಗದ ಮಕ್ಕಳು ಅಷ್ಟೇ. ಅಪ್ಪನ ಮನಿ ಅಪ್ಪನ ಹೆಸರಲ್ಲಿದ್ರ ನಿನಗ ಅಡ್ಡಿ ಇಲ್ಲ. ನಿನ್ನ ಇಲ್ಲಾ ಹೆಂಡ್ತಿ ಹೆಸರಲ್ಲಿ ದೇಶದಾಗ ಎಲ್ಲೂ ಪಕ್ಕಾ ಮನಿ ಇರಬಾರದು, ಹಿಂದಿನ 20 ವರ್ಷದಾಗ ಯಾವ ಸರ್ಕಾರಿ ಮನಿ ಯೋಜನೆ ಲಾಭಾನೂ ತಗೊಂಡಿರಬಾರದು. ನೋಂದಣಿ ಹೆಂಡ್ತಿ ಹೆಸರಿಗೆ ಇಲ್ಲಾ ಇಬ್ಬರ ಹೆಸರಿಗೆ ಮಾಡಿಸು.

1.80 ಲಕ್ಷ ಕೇಳಿ ಖುಷಿ ಆಗೋ ಮೊದ್ಲು ಕೈಯಿಂದ ಹೋಗೋದು ನೋಡು. 22 ಲಕ್ಷದ ಮನಿಗೆ ಬ್ಯಾಂಕು ಅಬ್ಬಬ್ಬಾ ಅಂದ್ರ ಶೇ. 90, ಅಂದ್ರ 2.20 ಲಕ್ಷ ನಿಂದು. ಮುದ್ರಾಂಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗೈತಿ, ಎರಡೂ ಕೂಡಿ 1.54 ಲಕ್ಷ. ಸೆಸ್ಸು ಸರ್ಚಾರ್ಜು ಮತ್ತ ಮ್ಯಾಲೆ. ಸಾಲ ಸಿಗೋಕಿಂತ ಮುಂಚೆ ಮೂರೂಮುಕ್ಕಾಲು ಲಕ್ಷ ರೊಕ್ಕ ಬೇಕು. ಸಬ್ಸಿಡಿ ಇದಕ್ಕ ಒಂದು ಪೈಸೆ ಒದಗಂಗಿಲ್ಲ, ಅದು ವರ್ಷಕ್ಕ ಹೆಚ್ಚಂದ್ರ 36,000 ಆಗಿ ಆಮ್ಯಾಲೆ ಬರೋ ದುಡ್ಡು. ಅದನ್ನ ನಂಬಿ ಬಡ್ಡಿಗೆ ಕೈಸಾಲ ಎತ್ತಿದ್ರ ಸರ್ಕಾರ ಕೊಟ್ಟಿದ್ದು ಸಾಹುಕಾರನ ಮನಿ ಸೇರ್ತೈತಿ.

ರೈತರಿಗೆ ಶೇ. 90 ಕೊಡೋ ಮನಸು ಬ್ಯಾಂಕಿನವರಿಗೆ ಕಡಿಮಿ, ಸಂಬಳದ ಚೀಟಿ ಇಲ್ಲ ನೋಡು. ನಾಡಕಚೇರಿ ಆದಾಯ ಪ್ರಮಾಣಪತ್ರ, ಪಹಣಿ, ದಲ್ಲಾಲಿ ಅಂಗಡಿಯ ಭತ್ತದ ಪಟ್ಟಿ ಎರಡ್ಮೂರು ವರ್ಷದ್ದು ಜೋಡಿಸಿಡು. ಭತ್ತದ ದುಡ್ಡು ನಗದಾಗಿ ಎಣಿಸಿಕೊಂಡು ಬರೋ ರೂಢಿ ಬಿಟ್ಟು ಖಾತೆಗೆ ಹಾಕಿಸಿಕೋ, ಪಾಸ್‌ಬುಕ್ಕೇ ನಿನ್ನ ಸಂಬಳ ಚೀಟಿ ಆಗ್ತೈತಿ. ಮಾಸಿಕ ಕಂತಿನ ಬದ್ಲು ಸುಗ್ಗಿ ಲೆಕ್ಕದಾಗ ಅರ್ಧ ವರ್ಷಕ್ಕೊಮ್ಮೆ ಕಟ್ಟೋಕ ಬರ್ತೈತಾ ಅಂತ ಶಾಖ್ಯಾಗ ಬಾಯಿ ಬಿಟ್ಟು ಕೇಳು.

ಅರ್ಜಿ ಆನ್‌ಲೈನ್‌ನ್ಯಾಗ ನೀನೇ ಹಾಕಬಹುದು, ಕಮಿಷನ್ ಕೇಳೋವ್ರ ಹತ್ರ ಹೋಗಬ್ಯಾಡ. ಮುಂಗಡ ಕೊಡೋಕಿಂತ ಮೊದ್ಲು ಆ ಗಂಗಾವತಿ ಮನಿಯ ಇ-ಖಾತಾ, ಬಿನ್‌ಶೇತ್ಕಿ ಆದೇಶ (ಹೊಲಾನ ಮನಿ ಜಾಗ ಮಾಡಿದ ಆದೇಶ), ಲೇಔಟ್ ನಕ್ಷೆ ಕೇಳು, ಕಾವೇರಿ ಪೋರ್ಟಲ್‌ನ್ಯಾಗ ಇಸಿ (ಋಣಭಾರ ಪ್ರಮಾಣಪತ್ರ) ತಗಿ. ಗುಂಟೆ ಲೆಕ್ಕದಾಗ ಹೊಲ ತುಂಡು ಮಾಡಿ ಮಾರಿದ ಜಾಗದ ಮ್ಯಾಲೆ ಕಟ್ಟಿದ ಮನಿ ಆಗಿದ್ರ ಸಾಲನೇ ಹುಟ್ಟಂಗಿಲ್ಲ, ಸಾಲ ಇಲ್ಲಂದ್ರ ಸಬ್ಸಿಡೀನೂ ಇಲ್ಲ. ಆ ಕಾಗದ ಕೈಗೆ ಬಂದ್ಮ್ಯಾಲೆ ಆಧಾರ್ ನಂಬರ್ ಮುಚ್ಚಿ ಫೋಟೋ ಇಲ್ಲೇ ಹಾಕು, ನೋಡಿ ಹೇಳ್ತೀನಿ.